ಹಿಂಡಿಟ್ಟ ಎದೆಹಾಲಿನ ಒಳ್ಳೆ ಬ್ಯಾಕ್ಟೀರಿಯಾ ಉಳೀಬೇಕು, ಹೊರಗಿನ ಕೊಳೆ ಸೇರಬಾರ್ದು ಅಂದ್ರೆ ಯಾವ ಕ್ರಮದಲ್ಲಿ ಏನ್ ಮಾಡ್ಬೇಕು: ಸಮಗ್ರ ಮಾರ್ಗದರ್ಶಿ

ಎದೆಹಾಲು ತೆಗೆದಿಟ್ರೆ ಎಷ್ಟು ಗಂಟೆ ಬರತ್ತೆ ಅನ್ನೋ ಲೆಕ್ಕ ಈಗ ಎಲ್ಲರಿಗೂ ಬಾಯಿಪಾಠ. ಹೊರಗೆ 4 ಗಂಟೆ, ಫ್ರಿಜ್ಜಲ್ಲಿ 4 ದಿನ, ಫ್ರೀಜರಲ್ಲಿ 6 ತಿಂಗಳು. ಆದ್ರೂ 26 ವಾರದ ಮೆಟರ್ನಿಟಿ ಲೀವ್ ಮುಗಿಸಿ ಕೆಲಸಕ್ಕೆ ವಾಪಸ್ ಹೋಗೋ ತಾಯಂದಿರು ಅದೇ ದೂರು ಹೇಳ್ತಾನೇ ಇರ್ತಾರೆ, ಹಾಲು ವಾಸನೆ ಬಂತು, ಮಗು ಮುಖ ತಿರುಗಿಸ್ತು, ಅತ್ತೆ ಕಾಯಿಸಿ ಕೊಟ್ರು, ಕರೆಂಟ್ ಹೋಗಿ ಎಲ್ಲಾ ಕರಗಿತು ಚೆಲ್ಲಿಬಿಟ್ಟೆ ಅಂತ. ಗಂಟೆ ಲೆಕ್ಕ ಸರಿಯಾಗಿ ಇಟ್ಟಿದ್ರೂ ಹೀಗಾಗತ್ತೆ, ಯಾಕಂದ್ರೆ ಹೆಚ್ಚಿನ ತಪ್ಪು ಹಾಲು ಫ್ರಿಜ್ಜಿಗೆ ಹೋಗೋಕೆ ಮುಂಚೇನೇ ಆಗಿರತ್ತೆ. ಅದಕ್ಕೇ ಇಲ್ಲಿ ಕ್ರಮವಾಗಿ, ಯಾವುದರ ನಂತರ ಯಾವುದು ಅಂತ ಬರೀತಿದೀನಿ. ದಯವಿಟ್ಟು ಹಂತ 1 ಬಿಟ್ಟು ಹಂತ 4ಕ್ಕೆ ಹಾರ್ಬೇಡಿ.

ಒಂದು ಮಾತು ಮೊದ್ಲೇ. ಅವಧಿಗೆ ಮುಂಚೆ ಹುಟ್ಟಿದ ಮಗು, ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ) ಇರೋ ಮಗು, ತೂಕ ಕಮ್ಮಿ ಇರೋ ಮಗು ಆಗಿದ್ರೆ ನಿಮ್ಮ ಆಸ್ಪತ್ರೆಯವರು ಹೇಳಿದ ನಿಯಮಾನೇ ಕೊನೆ ಮಾತು. ಇಲ್ಲಿರೋದು ಸಮಯಕ್ಕೆ ಸರಿಯಾಗಿ ಹುಟ್ಟಿ ಆರೋಗ್ಯವಾಗಿರೋ ಮಗುವಿಗೆ.

## ಶುರು ಮಾಡೋ ಮುಂಚೆ: ಹಾಲಲ್ಲಿ ಏನಿದೆ, ಅದಕ್ಕೆ ಏನಾಗತ್ತೆ

ಎದೆಹಾಲು ಸ್ಟೆರೈಲ್ ಅಲ್ಲ. ಆರೋಗ್ಯವಂತ ತಾಯಿಯ ಹಾಲಲ್ಲೂ ಸ್ಟೆಫೈಲೋಕಾಕಸ್ ಎಪಿಡರ್ಮಿಡಿಸ್, ಸ್ಟ್ರೆಪ್ಟೋಕಾಕಸ್, ಲ್ಯಾಕ್ಟೋಬ್ಯಾಸಿಲಸ್, ಬಿಫಿಡೋಬ್ಯಾಕ್ಟೀರಿಯಂ ಥರದ ಬ್ಯಾಕ್ಟೀರಿಯಾ ಇರ್ತಾವೆ. ಇವು ಮಗುವಿನ ಕರುಳಿಗೆ ಹೋಗಿ ನೆಲೆ ಊರ್ಬೇಕಾದವು. ಅವಕ್ಕೆ ಆಹಾರ ಆಗೋ ವಿಶೇಷ ಸಕ್ಕರೆಗಳೂ, ಅಂದ್ರೆ ಆಲಿಗೋಸ್ಯಾಕರೈಡ್‌ಗಳು, ಅದೇ ಹಾಲಲ್ಲಿ ಇರ್ತಾವೆ. ಜೊತೆಗೆ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯದ ಹಾಗೆ ತಡೆಯೋ ಲ್ಯಾಕ್ಟೋಫೆರಿನ್, ಲೈಸೋಝೈಮ್ ಅನ್ನೋ ಪ್ರೋಟೀನು, ಐಜಿಎ ಪ್ರತಿಕಾಯ, ಜೀವಂತ ಬಿಳಿ ರಕ್ತಕಣಗಳೂ ಇರ್ತಾವೆ. ಅದಕ್ಕೇ ತಾಜಾ ಎದೆಹಾಲು ಹಸುವಿನ ಹಾಲಿನಷ್ಟು ಬೇಗ ಕೆಡಲ್ಲ.

ಈಗ ತಣ್ಣಗೆ ಮಾಡಿದ್ರೆ ಏನಾಗತ್ತೆ ನೋಡಿ. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ 96 ಗಂಟೆ ಇಟ್ಟು ಪರೀಕ್ಷೆ ಮಾಡಿದ ಅಧ್ಯಯನ 2010ರಲ್ಲಿ ಬಂತು, ಅದರಲ್ಲಿ ಬ್ಯಾಕ್ಟೀರಿಯಾ ಸಂಖ್ಯೆ ಹೆಚ್ಚಲಿಲ್ಲ, ಕೆಲವು ಬಗೆಯದ್ದು ಸ್ವಲ್ಪ ಇಳೀತು, ಐಜಿಎ ಮತ್ತೆ ಲ್ಯಾಕ್ಟೋಫೆರಿನ್ ಹಾಗೇ ಉಳಿದ್ವು, ಬಿಳಿ ರಕ್ತಕಣ ಮಾತ್ರ ಕಮ್ಮಿ ಆದ್ವು, ಕೊಬ್ಬು ಒಡೆದು ಹಾಲಿನ ಹುಳಿ ಅಂಶ ಸ್ವಲ್ಪ ಏರಿತು. 4 ದಿನ ಅನ್ನೋ ಲೆಕ್ಕದ ಹಿಂದೆ ಇರೋದು ಇಂಥ ಕೆಲಸಾನೇ. ಆದ್ರೆ ಹಾಲಿಗಿರೋ ಬ್ಯಾಕ್ಟೀರಿಯಾ ಕೊಲ್ಲೋ ಶಕ್ತಿ ಫ್ರಿಜ್ಜಲ್ಲಿ ದಿನ ಕಳೆದ ಹಾಗೆ ಕುಗ್ಗುತ್ತಾ ಹೋಗತ್ತೆ, ಹಾಗಾಗಿ ನಾಲ್ಕನೇ ದಿನದ ತನಕ ಕಾಯೋದಕ್ಕಿಂತ ಮೊದಲೆರಡು ದಿನದಲ್ಲೇ ಕುಡಿಸೋದು ಒಳ್ಳೇದು ಅಂತ ನನ್ನ ಅಭಿಪ್ರಾಯ.

ಫ್ರೀಜರ್ ಬಗ್ಗೆ ಇರೋ ದೊಡ್ಡ ತಪ್ಪು ತಿಳುವಳಿಕೆ ಏನಂದ್ರೆ ಅಲ್ಲಿ ಬ್ಯಾಕ್ಟೀರಿಯಾ ಸಾಯ್ತಾವೆ ಅನ್ನೋದು. ಬಹುಪಾಲು ಸಾಯಲ್ಲ, ಬೆಳೆಯೋದು ನಿಲ್ಲಿಸ್ತಾವೆ ಅಷ್ಟೇ. ಮೈನಸ್ 20 ಡಿಗ್ರಿಯಲ್ಲಿ ವಾರಗಟ್ಟಲೆ ಇಟ್ಟ ಹಾಲಲ್ಲೂ ಲ್ಯಾಕ್ಟೋಬ್ಯಾಸಿಲಸ್ ಜೀವಂತವಾಗಿ ಸಿಗತ್ತೆ. ಸಾಯೋದು ಬಿಳಿ ರಕ್ತಕಣಗಳು. ಅಂದ್ರೆ ಕಾವಲು ಕಮ್ಮಿ ಆಗಿರತ್ತೆ, ಬ್ಯಾಕ್ಟೀರಿಯಾ ಮಾತ್ರ ಹಾಗೇ ಕಾಯ್ತಿರತ್ತೆ, ಒಳ್ಳೇದೂ ಸೈ ಕೆಟ್ಟದ್ದೂ ಸೈ. ನೀವು ಕೊಳೆ ಸೇರಿಸಿ ಫ್ರೀಜ್ ಮಾಡಿದ್ರೆ ಆರು ತಿಂಗಳಾದ ಮೇಲೆ ಅದೇ ಕೊಳೇನೇ ಹೊರಗೆ ಬರೋದು. ಇಡೀ ಮಾರ್ಗದರ್ಶಿಯಲ್ಲಿ ಇದೊಂದು ನೆನಪಿದ್ರೂ ಅರ್ಧ ಕೆಲಸ ಆಯ್ತು.

ಕೆನಡಾದಲ್ಲಿ 393 ತಾಯಂದಿರ ಹಾಲು ಪರೀಕ್ಷೆ ಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ನೇರವಾಗಿ ಎದೆಗೆ ಹಾಕಿ ಕುಡಿಸೋರ ಹಾಲಿಗೆ ಹೋಲಿಸಿದ್ರೆ ಪಂಪ್ ಮಾಡಿ ಕುಡಿಸೋರ ಹಾಲಲ್ಲಿ ಬಿಫಿಡೋಬ್ಯಾಕ್ಟೀರಿಯಾ ಕಮ್ಮಿ ಇತ್ತು, ರೋಗ ತರಬಲ್ಲ ಬಗೆಯವು ಜಾಸ್ತಿ ಇದ್ವು. ಮಗು ಚೀಪುವಾಗ ಅದರ ಬಾಯಿಂದ ಸ್ವಲ್ಪ ಎಂಜಲು ಎದೆಯೊಳಗೆ ವಾಪಸ್ ಹೋಗತ್ತೆ, ಪಂಪಲ್ಲಿ ಅದು ಆಗಲ್ಲ, ಬದಲಿಗೆ ಪಂಪಲ್ಲಿರೋದು ಹಾಲಿಗೆ ಬರತ್ತೆ, ಇದು ಒಂದು ಕಾರಣ ಇರ್ಬಹುದು ಅಂತ ಸಂಶೋಧಕರು ಹೇಳ್ತಾರೆ. ಇದನ್ನ ಓದಿ ಪಂಪ್ ಹಾಲು ಕೆಟ್ಟದ್ದು ಅಂತ ಯಾರೂ ಅಂದ್ಕೋಬೇಡಿ, ಫಾರ್ಮುಲಾಗಿಂತ ಅದು ಇವತ್ತಿಗೂ ಮೇಲೇನೇ. ಮನೆಯಲ್ಲಿರೋವಾಗ ರಾತ್ರಿ ಬೆಳಗ್ಗೆ ನೇರವಾಗಿ ಕುಡಿಸಿ, ಪಂಪನ್ನ ಚೆನ್ನಾಗಿ ತೊಳೀರಿ, ಇದರಿಂದ ತಿಳ್ಕೋಬೇಕಾದ್ದು ಇಷ್ಟೇ.

## ಬೇಕಾಗೋ ಸಾಮಾನು

ಪಂಪ್ ತೊಳೆಯೋಕೆ ಅಂತಲೇ ಬೇರೆ ಇಟ್ಟ ಒಂದು ಟಬ್ಬು ಮತ್ತೆ ಒಂದು ಬ್ರಶ್ಶು, ಇವೆರಡು ಮೊದಲು ತಗೊಳ್ಳಿ, ಪಂಪಿಗೆ ಆರೇಳು ಸಾವಿರ ಕೊಟ್ಟು ಟಬ್ಬಿಗೆ ನೂರು ರೂಪಾಯಿ ಉಳಿಸೋರು ತುಂಬ ಜನ ಇದಾರೆ. ಆಮೇಲೆ ಗಟ್ಟಿ ಮುಚ್ಚಳದ ಗಾಜಿನ ಅಥವಾ ಫುಡ್ ಗ್ರೇಡ್ ಪ್ಲಾಸ್ಟಿಕ್ ಡಬ್ಬಿಗಳು, ಇಲ್ಲಾ ಎದೆಹಾಲಿಗೆ ಅಂತಲೇ ಸಿಗೋ ಸ್ಟೋರೇಜ್ ಬ್ಯಾಗ್. ಮಾಮೂಲಿ ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಮಾರ್ಕರ್ ಪೆನ್ನು, ಫ್ರಿಜ್ ಥರ್ಮಾಮೀಟರ್, ಆಫೀಸಿಗೆ ಹೋಗೋರಿಗೆ ಐಸ್ ಪ್ಯಾಕ್ ಇರೋ ಕೂಲರ್ ಬ್ಯಾಗ್. ಕುಡಿಸೋಕೆ ಒಳಲೆ ಅಥವಾ ಚಿಕ್ಕ ಬಟ್ಟಲು ಚಮಚ ಇದ್ರೆ ತುಂಬ ಒಳ್ಳೇದು, ಬಾಟಲಿ ನಿಪ್ಪಲ್ಲಿನ ಸಂದಿಯಲ್ಲಿ ನಿಲ್ಲೋ ಹಾಗೆ ಅದರಲ್ಲಿ ಹಾಲು ನಿಲ್ಲಲ್ಲ, ತೊಳೆಯೋದು ಸುಲಭ.

## ಹಂತ 1: ಪಂಪ್ ತೊಳೆಯೋದು

ಹಾಲು ತೆಗೆದ ತಕ್ಷಣ ಬಿಚ್ಚಿ. ಫ್ಲಾಂಜ್ (ಎದೆಗೆ ಇಡೋ ಲಾಳಿಕೆ), ವಾಲ್ವ್ (ಹಾಲು ವಾಪಸ್ ಹೋಗದ ಹಾಗೆ ತಡೆಯೋ ಚಿಕ್ಕ ಭಾಗ), ಬಾಟಲಿ, ಕನೆಕ್ಟರ್, ಹಾಲು ಮುಟ್ಟೋದು ಎಲ್ಲಾ ಬೇರೆ ಬೇರೆ ಮಾಡಿ. ಮೊದಲು ಹರಿಯೋ ನೀರಲ್ಲಿ ಹಾಲು ಹೋಗೋ ಹಾಗೆ ತೊಳೀರಿ, ಆಮೇಲೆ ಬೇರೆ ಇಟ್ಟ ಟಬ್ಬಲ್ಲಿ ಬಿಸಿ ನೀರು ಸೋಪು ಹಾಕಿ ಬ್ರಶ್ಶಲ್ಲಿ ಉಜ್ಜಿ, ಮತ್ತೆ ಹರಿಯೋ ನೀರಲ್ಲಿ ಜಾಲಿಸಿ. ಅಡುಗೆಮನೆ ಸಿಂಕಿಗೆ ನೇರವಾಗಿ ಹಾಕ್ಬಾರ್ದು, ಹಸಿ ಮಾಂಸ ತೊಳೆದ ನೀರು, ತರಕಾರಿ ಮಣ್ಣು, ಎಂಜಲು ತಟ್ಟೆ ಎಲ್ಲಾ ಹೋಗೋ ಜಾಗ ಅದು.

ಉಜ್ಜೋ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕಂದ್ರೆ ಸೋಪಿನ ನೀರಲ್ಲಿ ನೆನೆಹಾಕಿ ಬಿಟ್ರೆ ಸಾಕು ಅಂತ ತುಂಬ ಮನೆಯಲ್ಲಿ ಮಾಡ್ತಾರೆ. 2016ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಅವಧಿಗೆ ಮುಂಚೆ ಹುಟ್ಟಿದ ಒಂದು ಮಗುವಿಗೆ ಕ್ರೋನೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾದಿಂದ ರಕ್ತಕ್ಕೆ ನಂಜಾಗಿ ಮೆದುಳುಜ್ವರ ಬಂತು, ತನಿಖೆ ಮಾಡಿದಾಗ ಅದೇ ಬ್ಯಾಕ್ಟೀರಿಯಾ ಮನೆಯ ಪಂಪಲ್ಲಿ ಸಿಕ್ತು. ಅಲ್ಲಿ ಮಾಡ್ತಿದ್ದಿದ್ದು ಏನು ಅಂದ್ರೆ ಪಂಪಿನ ಭಾಗಗಳನ್ನ ಸೋಪಿನ ನೀರಲ್ಲಿ ಗಂಟೆಗಟ್ಟಲೆ ನೆನೆಹಾಕೋದು, ಉಜ್ಜದೆ ಜಾಲಿಸೋದು, ಗಾಳಿಗೆ ಒಣಗಿಸಿ ಜಿಪ್ ಕವರಲ್ಲಿ ಹಾಕಿಡೋದು. ನೋಡೋಕೆ ಶುದ್ಧವಾಗೇ ಕಾಣತ್ತೆ ಅಲ್ವಾ? ಆದ್ರೆ ಹಾಲಿನ ಕೊಬ್ಬಿನ ತೆಳು ಪದರ ಉಜ್ಜದೆ ಹೋಗಲ್ಲ, ಉಗುರುಬೆಚ್ಚಗಿನ ಸೋಪಿನ ನೀರು ಆರಿದ ಮೇಲೆ ಅದೇ ಬ್ಯಾಕ್ಟೀರಿಯಾಗೆ ಆಶ್ರಯ ಆಗತ್ತೆ. ಈ ಘಟನೆ ಆದ ಮೇಲೇನೇ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಪಂಪ್ ತೊಳೆಯೋ ವಿವರವಾದ ಸೂಚನೆ ಹೊರಡಿಸಿದ್ದು.

ದಿನಕ್ಕೆ ಒಂದು ಸಲ ಕುದಿಯೋ ನೀರಲ್ಲಿ 5 ನಿಮಿಷ ಮುಳುಗಿಸಿ, ಮಗುವಿಗೆ 2 ತಿಂಗಳು ಆಗಿಲ್ಲ ಅಂದ್ರೆ ಇದು ತಪ್ಪಿಸಲೇಬಾರ್ದು. ಶುದ್ಧ ಬಟ್ಟೆ ಮೇಲೆ ಹರಡಿ ಪೂರ್ತಿ ಒಣಗೋಕೆ ಬಿಡಿ, ಅಡುಗೆಮನೆ ಕೈಬಟ್ಟೆಯಲ್ಲಿ ಒರೆಸ್ಬೇಡಿ, ಒದ್ದೆ ಇದ್ದಂಗೇ ಮುಚ್ಚಿಡ್ಬೇಡಿ. ತೊಳೆಯೋ ಟಬ್ಬನ್ನೂ ಬ್ರಶ್ಶನ್ನೂ ಮರೀಬೇಡಿ, ಅವನ್ನೂ ದಿನಾ ತೊಳೆದು ಒಣಗಿಸ್ಬೇಕು. ಟ್ಯೂಬಿನ ಒಳಗೆ ಹಾಲು ಹೋಗಿದ್ರೆ ಅಥವಾ ಕಪ್ಪು ಚುಕ್ಕಿ ಕಂಡ್ರೆ ಬಿಸಾಕಿ ಹೊಸದು ತಗೊಳ್ಳಿ, ತೊಳೆದು ಸರಿ ಮಾಡೋಕೆ ಹೋಗ್ಬೇಡಿ.

ತೊಳೀದೇ ಪಂಪನ್ನ ಕವರಲ್ಲಿ ಹಾಕಿ ಫ್ರಿಜ್ಜಲ್ಲಿಟ್ಟು ಮತ್ತೆ ಮತ್ತೆ ಬಳಸೋದು ಈಗ ಆಫೀಸ್ ತಾಯಂದಿರಲ್ಲಿ ರೂಢಿ ಆಗಿದೆ. ತಣ್ಣಗಿದ್ರೆ ಬೆಳವಣಿಗೆ ನಿಧಾನ ಆಗತ್ತೆ ನಿಜ, ಆದ್ರೆ ಇರೋ ಬ್ಯಾಕ್ಟೀರಿಯಾ ಹೋಗಲ್ಲ, ಮುಂದಿನ ಸಲದ ಹಾಲಿಗೆ ಸೇರತ್ತೆ. ಎರಡು ಸೆಟ್ ಭಾಗ ಇಟ್ಕೊಳ್ಳೋದು ಇದಕ್ಕಿಂತ ಎಷ್ಟೋ ಮೇಲು.

## ಹಂತ 2: ಹಾಲು ತೆಗೆಯೋದು

ಸೋಪಲ್ಲಿ 20 ಸೆಕೆಂಡ್ ಕೈ ತೊಳೀರಿ, ಉಗುರಿನ ಸಂದಿ ಸೇರಿಸಿ. ಉಂಗುರ ಇದ್ರೆ ತೆಗೆದಿಡಿ. ಎದೆಗೆ ಸೋಪು, ಡೆಟಾಲ್, ಸ್ಯಾನಿಟೈಸರ್ ಏನೂ ಹಚ್ಬೇಡಿ, ದಿನಾ ಸ್ನಾನ ಮಾಡೋದೇ ಸಾಕು, ಚರ್ಮದ ಮೇಲಿರೋ ಬ್ಯಾಕ್ಟೀರಿಯಾನೂ ಮಗುವಿಗೆ ಬೇಕಾದ್ದೇ. ಮೊಲೆತೊಟ್ಟಿಗೆ ಎಣ್ಣೆ, ಅರಿಶಿನ, ಕ್ರೀಮ್ ಹಚ್ಚಿದ್ರೆ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿ.

ಕೈಯಲ್ಲಿ ಹಿಂಡೋದು ಬಂದ್ರೆ ಹಿಂಡಿ, ಶುದ್ಧ ಕೈ ಮತ್ತೆ ಒಂದು ಬಟ್ಟಲು ಬಿಟ್ರೆ ತೊಳೆಯೋಕೆ ಬೇರೆ ಏನೂ ಇರಲ್ಲ.

## ಹಂತ 3: ಡಬ್ಬಿಗೆ ತುಂಬೋದು

ಒಂದು ಡಬ್ಬಿಗೆ 60ರಿಂದ 120 ಎಂಎಲ್ ಸಾಕು. ಹೆಚ್ಚು ತುಂಬಿದ್ರೆ ಮಗು ಅರ್ಧ ಕುಡಿದು ಬಿಡತ್ತೆ, ಉಳಿದಿದ್ದು ಚೆಲ್ಲೋದೇ ಆಗತ್ತೆ. ಫ್ರೀಜ್ ಮಾಡೋದಾದ್ರೆ ಮೇಲೆ ಒಂದು ಇಂಚು ಜಾಗ ಬಿಡಿ, ಹೆಪ್ಪುಗಟ್ಟುವಾಗ ಹಿಗ್ಗತ್ತೆ. ತೆಗೆದ ದಿನಾಂಕ, ಸಮಯ ಬರೀರಿ, ಬೇಬಿ ಕೇರ್‌ಗೆ ಕಳಿಸೋದಾದ್ರೆ ಮಗುವಿನ ಹೆಸರೂ ಬರೀರಿ.

ಇವತ್ತು ಮೂರು ಸಲ ತೆಗೆದ ಹಾಲನ್ನ ಒಂದೇ ಡಬ್ಬಿಗೆ ಸೇರಿಸ್ಬಹುದಾ? ಸೇರಿಸ್ಬಹುದು, ಆದ್ರೆ ಹೊಸದಾಗಿ ತೆಗೆದ ಬೆಚ್ಚಗಿರೋ ಹಾಲನ್ನ ಮೊದಲು ಬೇರೆ ಇಟ್ಟು ತಣ್ಣಗೆ ಮಾಡಿ ಆಮೇಲೆ ಸೇರಿಸಿ. ಬೆಚ್ಚಗಿರೋದನ್ನ ಸುರಿದ್ರೆ ತಣ್ಣಗಿದ್ದ ಹಾಲಿನ ತಾಪಮಾನ ಏರಿ ಬ್ಯಾಕ್ಟೀರಿಯಾ ಮತ್ತೆ ಚುರುಕಾಗ್ತಾವೆ. ಲೇಬಲ್ಲಲ್ಲಿ ಎಲ್ಲಕ್ಕಿಂತ ಹಳೇ ಹಾಲಿನ ಸಮಯ ಇರ್ಲಿ.

## ಹಂತ 4: ತಣ್ಣಗೆ ಮಾಡೋದು

ಸಿಡಿಸಿ ಹೇಳೋ 4 ಗಂಟೆ 25 ಡಿಗ್ರಿಯ ಒಳಗಿನ ರೂಮಿಗೆ. ಇದನ್ನ ಓದದೇ 4 ಗಂಟೆ ಮಾತ್ರ ನೆನಪಿಟ್ಕೊಳ್ಳೋದೇ ನಮ್ಮ ಕಡೆ ಆಗೋ ದೊಡ್ಡ ಎಡವಟ್ಟು. ಏಪ್ರಿಲ್ ಮೇ ತಿಂಗಳಲ್ಲಿ ಕಲಬುರಗಿ ರಾಯಚೂರಲ್ಲಿ 40 ಡಿಗ್ರಿ ದಾಟತ್ತೆ, ಬೆಂಗಳೂರಲ್ಲೇ ಮಧ್ಯಾಹ್ನ 34 35 ಬರತ್ತೆ. ಅಮೆರಿಕದಲ್ಲಿ 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 15 ಡಿಗ್ರಿಗೆ 24 ಗಂಟೆ, 25 ಡಿಗ್ರಿಗೆ 4 ಗಂಟೆ ಇಡಬಹುದು, 38 ಡಿಗ್ರಿಯಲ್ಲಿ ಇಡಲೇಬಾರ್ದು ಅಂತ ಹೇಳಿದ್ರು. ದೋಸೆ ಹಿಟ್ಟು ಚಳಿಗಾಲದಲ್ಲಿ ಇಡೀ ರಾತ್ರಿ ಆದ್ರೂ ಉಬ್ಬಲ್ಲ, ಬೇಸಿಗೆಯಲ್ಲಿ ಬೆಳಗಾಗೋದ್ರೊಳಗೆ ಪಾತ್ರೆಯಿಂದ ಉಕ್ಕಿ ಬರತ್ತಲ್ಲ, ಅದೇ ಲೆಕ್ಕ ಇಲ್ಲೂ. ಹಾಗಾಗಿ ಬೇಸಿಗೆಯಲ್ಲಿ ಹೊರಗೆ ಇಡೋ ಯೋಚನೇನೇ ಬೇಡ, ತೆಗೆದ ಕೂಡ್ಲೇ ಫ್ರಿಜ್ಜಿಗೆ.

ಫ್ರಿಜ್ಜಲ್ಲಿ ಎಲ್ಲಿ ಇಡ್ಬೇಕು ಅನ್ನೋದೂ ಮುಖ್ಯ. ಬಾಗಿಲಲ್ಲಿ ಇಡ್ಬೇಡಿ, ತೆಗೆದು ಹಾಕಿ ಮಾಡೋವಾಗ ಅಲ್ಲೇ ಹೆಚ್ಚು ಬಿಸಿ ತಾಗೋದು. ಹಿಂಭಾಗದಲ್ಲಿ, ಮುಚ್ಚಳ ಇರೋ ಒಂದು ದೊಡ್ಡ ಡಬ್ಬದೊಳಗೆ ಎಲ್ಲಾ ಸೇರಿಸಿ ಇಡಿ, ಹಸಿ ಮಾಂಸ ಮೀನು ಮೊಟ್ಟೆಯಿಂದ ದೂರ. ಥರ್ಮಾಮೀಟರ್ ಹಾಲಿನ ಪಕ್ಕದಲ್ಲೇ ಇಟ್ಟು 4 ಡಿಗ್ರಿ ತೋರಿಸ್ತಿದ್ಯಾ ನೋಡಿ, ಮದುವೆ ಹಬ್ಬದ ದಿನ ಫ್ರಿಜ್ ತುಂಬಿ ತುಳುಕ್ತಿದ್ರೆ 10 ತೋರಿಸೋದೂ ಉಂಟು, ಆಗ 4 ದಿನದ ಲೆಕ್ಕ ನಡೆಯಲ್ಲ.

ಆಫೀಸಿಂದ ತರೋದಾದ್ರೆ ಹೆಪ್ಪುಗಟ್ಟಿದ ಐಸ್ ಪ್ಯಾಕ್ ಹಾಲಿನ ಡಬ್ಬಿಗೆ ತಾಗಿರ್ಬೇಕು, ಹಾಗೆ ಇದ್ರೆ ಕೂಲರ್ ಬ್ಯಾಗಲ್ಲಿ 24 ಗಂಟೆ ತನಕ ಇರತ್ತೆ. ಮನೆಗೆ ಬಂದ ಮೇಲೆ ಬ್ಯಾಗಲ್ಲೇ ಮರೆತು ಮಲಗೋದು ಬೇಡ.

## ಹಂತ 5: ಫ್ರೀಜರ್

4 ದಿನದೊಳಗೆ ಬೇಕಾಗಲ್ಲ ಅಂತ ಗೊತ್ತಿದ್ರೆ ಮೊದಲ ದಿನಾನೇ ಫ್ರೀಜ್ ಮಾಡಿ, ನಾಲ್ಕನೇ ದಿನ ಕಾದು ಮಾಡಿದ್ರೆ ಅಷ್ಟು ಹೊತ್ತಿಗೆ ಕಾವಲು ಶಕ್ತಿ ಕುಗ್ಗಿರತ್ತೆ.

ಬಾಗಿಲು ಬೇರೆ ಇರೋ ಫ್ರೀಜರ್, ಮೈನಸ್ 18 ಡಿಗ್ರಿ ಇದ್ರೆ 6 ತಿಂಗಳು ಉತ್ತಮ, 12 ತಿಂಗಳ ತನಕ ನಡೆಯತ್ತೆ. ನಮ್ಮ ಬಹಳಷ್ಟು ಮನೆಯಲ್ಲಿರೋ ಸಿಂಗಲ್ ಡೋರ್ ಫ್ರಿಜ್ಜಿನ ಒಳಗಿನ ಐಸ್ ಟ್ರೇ ಜಾಗ ಅಷ್ಟು ತಣ್ಣಗೆ ಇರಲ್ಲ, ಬಾಗಿಲು ತೆಗೆದಾಗೆಲ್ಲಾ ಏರಿಳಿಯತ್ತೆ, ಅದರಲ್ಲಿ 2 ವಾರಕ್ಕಿಂತ ಹೆಚ್ಚು ಇಡ್ಬೇಡಿ. ಬ್ಯಾಗನ್ನ ಮಲಗಿಸಿ ಚಪ್ಪಟೆಯಾಗಿ ಫ್ರೀಜ್ ಮಾಡಿದ್ರೆ ಬೇಗ ಹೆಪ್ಪುಗಟ್ಟತ್ತೆ, ಬೇಗ ಕರಗತ್ತೆ ಕೂಡ.

## ಕರೆಂಟ್ ಹೋದ್ರೆ

ಮೊದಲ ಕೆಲಸ, ಬಾಗಿಲು ತೆಗೀಬೇಡಿ. ಎಷ್ಟು ಕರಗಿದೆ ನೋಡೋಣ ಅಂತ ತೆಗೆದು ತೆಗೆದು ನೋಡೋದ್ರಿಂದಾನೇ ಹಾಲು ಕರಗೋದು. ಮುಚ್ಚಿಟ್ಟ ಫ್ರಿಜ್ಜು ಸುಮಾರು 4 ಗಂಟೆ ತಣ್ಣಗಿರತ್ತೆ. ಪೂರ್ತಿ ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡಿಯತ್ತೆ, ಇದು ಬೇರೆ ಬಾಗಿಲಿನ ಒಳ್ಳೆ ಫ್ರೀಜರ್ ಲೆಕ್ಕ. ಖಾಲಿ ಜಾಗ ಇದ್ರೆ ನೀರಿನ ಬಾಟಲಿ ಹೆಪ್ಪುಗಟ್ಟಿಸಿ ತುಂಬಿಸಿಡಿ, ಮಳೆಗಾಲದಲ್ಲಿ ಮಲೆನಾಡು ಕಡೆಯವರಿಗೆ ಇದು ಬಹಳ ಉಪಯೋಗಕ್ಕೆ ಬರತ್ತೆ.

ಕರೆಂಟ್ ಬಂದ ಮೇಲೆ ನೋಡಿ, ಹಾಲಿನ ಒಳಗೆ ಇನ್ನೂ ಐಸ್ ಹರಳು ಇದ್ರೆ ಮತ್ತೆ ಫ್ರೀಜ್ ಆಗೋಕೆ ಬಿಡಬಹುದು. ಪೂರ್ತಿ ಕರಗಿದ್ರೂ ತಣ್ಣಗಿದೆ ಅಂದ್ರೆ ಫ್ರಿಜ್ಜಿಗೆ ಹಾಕಿ 24 ಗಂಟೆಯೊಳಗೆ ಕುಡಿಸಿ. ಬೆಚ್ಚಗಾಗಿದ್ರೆ ಚೆಲ್ಲಿ, ಎಷ್ಟೇ ಸಂಕಟ ಆದ್ರೂ.

## ಹಂತ 6: ಕರಗಿಸೋದು, ಬೆಚ್ಚಗೆ ಮಾಡೋದು

ಹಿಂದಿನ ರಾತ್ರಿ ಫ್ರೀಜರಿಂದ ಫ್ರಿಜ್ಜಿಗೆ ಇಳಿಸಿಡಿ. ಅರ್ಜೆಂಟ್ ಇದ್ರೆ ಉಗುರುಬೆಚ್ಚಗಿನ ನೀರಿನ ಬಟ್ಟಲಲ್ಲಿ ಡಬ್ಬಿ ಇಡಿ, ನೀರು ಮುಚ್ಚಳದ ತನಕ ಬರಬಾರ್ದು. ಪೂರ್ತಿ ಕರಗಿದ ಹೊತ್ತಿಂದ ಫ್ರಿಜ್ಜಲ್ಲಿ 24 ಗಂಟೆ, ಹೊರಗೆ ಬಂದ್ರೆ 1ರಿಂದ 2 ಗಂಟೆ. ತಾಜಾ ಹಾಲಿಗೆ 4 ದಿನ ಇದಕ್ಕೆ ಯಾಕೆ ಒಂದೇ ದಿನ ಅಂದ್ರೆ ಕಾರಣ ಆಗ್ಲೇ ಹೇಳಿದ್ದೇ, ಕಾವಲು ಕಣ ಸತ್ತಿವೆ, ಬ್ಯಾಕ್ಟೀರಿಯಾ ಎದ್ದಿವೆ. ಪೂರ್ತಿ ಕರಗಿದ್ದನ್ನ ಮತ್ತೆ ಫ್ರೀಜ್ ಮಾಡೋದು ಇಲ್ಲ.

ಇನ್ನು ಕಾಯಿಸೋ ವಿಷಯ. ಅಜ್ಜಿ, ಅತ್ತೆ, ಅಮ್ಮ ಎಲ್ಲರೂ ಕಾಳಜಿಯಿಂದಾನೇ ಹೇಳ್ತಾರೆ, ಫ್ರಿಜ್ ಹಾಲು ಶೀತ ಆಗತ್ತೆ, ಒಂದು ಕುದಿ ಬರಿಸಿ ಕೊಡು ಅಂತ. ಹಸುವಿನ ಹಾಲಿಗೆ ಸರಿಯಾದ ಆ ಅಭ್ಯಾಸ ಎದೆಹಾಲಿಗೆ ಆಗಲ್ಲ. ಕುದಿಸಿದ್ರೆ ಒಳ್ಳೆ ಬ್ಯಾಕ್ಟೀರಿಯಾ ಎಲ್ಲಾ ಸಾಯ್ತಾವೆ, ಐಜಿಎ, ಲ್ಯಾಕ್ಟೋಫೆರಿನ್, ಕೊಬ್ಬು ಜೀರ್ಣ ಮಾಡೋ ಕಿಣ್ವ ಎಲ್ಲಾ ಹಾಳಾಗ್ತಾವೆ. ದಾನದ ಹಾಲು ಕೊಡೋ ಎದೆಹಾಲಿನ ಬ್ಯಾಂಕುಗಳಲ್ಲಿ 62.5 ಡಿಗ್ರಿಯಲ್ಲಿ 30 ನಿಮಿಷ ಪಾಶ್ಚರೀಕರಣ ಮಾಡ್ತಾರಲ್ಲ ಅಂತ ಕೇಳ್ತಾರೆ ಕೆಲವರು. ಅಲ್ಲಿ ಬೇರೆ ತಾಯಿಯ ಹಾಲು ಪುಟ್ಟ ಎನ್‌ಐಸಿಯು ಮಗುವಿಗೆ ಹೋಗತ್ತೆ, ಸೋಂಕಿನ ಅಪಾಯ ತಪ್ಪಿಸೋಕೆ ಒಳ್ಳೇದನ್ನೂ ಸ್ವಲ್ಪ ಕಳ್ಕೊಳ್ಳೋದು ಅನಿವಾರ್ಯ. ನಿಮ್ಮ ಹಾಲು ನಿಮ್ಮ ಮಗುವಿಗೆ ಹೋಗೋವಾಗ ಆ ನಷ್ಟ ಯಾಕೆ? ಮನೆಯಲ್ಲಿ ಹಿರಿಯರಿಗೆ ಹೀಗೆ ಹೇಳಿ ನೋಡಿ: ಬಿಸಿನೀರಿನ ಬಟ್ಟಲಲ್ಲಿಟ್ಟು ಮೈಬಿಸಿಯಷ್ಟು ಬೆಚ್ಚಗೆ ಮಾಡ್ತೀವಮ್ಮ, ತಣ್ಣಗೆ ಕೊಡಲ್ಲ. ಅವರ ಚಿಂತೆ ಶೀತದ್ದು, ಅದು ಕಳೆದ್ರೆ ಒಪ್ತಾರೆ. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿದ್ರೆ ಬಿಸಿ ಗೊತ್ತಾಗತ್ತೆ.

ಮೈಕ್ರೋವೇವ್ ಬೇಡ. ಒಂದು ಕಡೆ ಸುಡೋಷ್ಟು ಬಿಸಿ, ಇನ್ನೊಂದು ಕಡೆ ತಣ್ಣಗೆ, ಮಗುವಿನ ಬಾಯಿ ಸುಟ್ಟಿರೋ ಉದಾಹರಣೆಗಳಿವೆ.

## ಹಂತ 7: ಕುಡಿಸೋದು, ಉಳಿದದ್ದು

ಮೇಲೆ ಕೆನೆ ನಿಂತಿರತ್ತೆ, ಮೆಲ್ಲಗೆ ತಿರುಗಿಸಿ ಬೆರೆಸಿ. ಬಾಟಲಿಯಲ್ಲಿ ಮಗು ಬಾಯಿ ಇಟ್ಟು ಕುಡಿದ ಮೇಲೆ ಉಳಿದದ್ದು 2 ಗಂಟೆಯೊಳಗೆ ಮುಗೀಬೇಕು, ಎಂಜಲಿನ ಬ್ಯಾಕ್ಟೀರಿಯಾ ಸೇರಿರತ್ತೆ. ಒಳಲೆಯಲ್ಲಿ ಕುಡಿಸೋರು ಸ್ವಲ್ಪ ಸ್ವಲ್ಪವೇ ಬಗ್ಗಿಸ್ಕೊಂಡ್ರೆ ಡಬ್ಬಿಯಲ್ಲಿ ಉಳಿದಿದ್ದಕ್ಕೆ ಎಂಜಲು ತಾಗಲ್ಲ.

## ಎಚ್ಚರಿಕೆಯ ಚಿಹ್ನೆಗಳು: ಯಾವುದು ಸಹಜ, ಯಾವುದು ಅಲ್ಲ

ನೀಲಿಛಾಯೆ, ತೆಳ್ಳಗೆ, ಹಳದಿ, ಮೇಲೆ ಕೆನೆ, ಇವೆಲ್ಲಾ ಸಹಜ. ಇದಕ್ಕೆ ಹೆದರಿ ಒಳ್ಳೆ ಹಾಲು ಚೆಲ್ಲೋರೇ ಜಾಸ್ತಿ.

ಸೋಪಿನ ವಾಸನೆ ಅಥವಾ ಲೋಹದ ಥರದ ವಾಸನೆ ಬಂದ್ರೆ ಅದು ಲೈಪೇಸ್ ಕಿಣ್ವ ಕೊಬ್ಬನ್ನ ಒಡೆದಿರೋದು, ಈ ಕಿಣ್ವ ಫ್ರೀಜರಲ್ಲೂ ನಿಧಾನವಾಗಿ ಕೆಲಸ ಮಾಡ್ತಾನೇ ಇರತ್ತೆ. ಹಾಲು ಕೆಟ್ಟಿಲ್ಲ, ಮಗು ಕುಡಿದ್ರೆ ಕೊಡಿ. ಮಗು ಸುತಾರಾಂ ಕುಡೀತಿಲ್ಲ ಅಂದ್ರೆ ಮಾತ್ರ, ಮುಂದಿನ ಸಲ ಹಾಲು ತೆಗೆದ ತಕ್ಷಣ ಫ್ರಿಜ್ಜಿಗೆ ಹಾಕೋ ಮುಂಚೆ ಪಾತ್ರೆ ಅಂಚಲ್ಲಿ ಸಣ್ಣ ಗುಳ್ಳೆ ಬರೋ ತನಕ ಬಿಸಿ ಮಾಡಿ ಕುದಿಯೋಕೆ ಬಿಡದೆ ಇಳಿಸಿ ಐಸ್ ನೀರಲ್ಲಿಟ್ಟು ಆರಿಸಿ. ವಾಸನೆ ಬಂದ ಮೇಲೆ ಬಿಸಿ ಮಾಡಿದ್ರೆ ಪ್ರಯೋಜನ ಇಲ್ಲ. ಈ ವಿಧಾನದಲ್ಲಿ ಬ್ಯಾಕ್ಟೀರಿಯಾ ಮತ್ತೆ ರಕ್ಷಣೆಯ ಅಂಶ ಎರಡೂ ಕಮ್ಮಿ ಆಗತ್ತೆ, ಹಾಗಾಗಿ ಎಲ್ಲಾ ಹಾಲಿಗೂ ಮಾಡ್ಬೇಡಿ, ಬೇರೆ ದಾರಿ ಇಲ್ಲದಾಗ ಮಾತ್ರ.

ಹುಳಿ ನಾತ, ಹಳಸಿದ ವಾಸನೆ, ತಿರುಗಿಸಿದ್ರೂ ಬೆರೆಯದೆ ಉಂಡೆ ಉಂಡೆ ಉಳಿಯೋದು, ಇವು ಕೆಟ್ಟಿರೋ ಗುರುತು, ಚೆಲ್ಲಿ. ಒಂದು ಡಬ್ಬಿ ಕೆಟ್ರೆ ಆ ದಿನದ ಬೇರೆ ಡಬ್ಬಿಗಳನ್ನೂ ನೋಡಿ, ಮತ್ತೆ ಮತ್ತೆ ಆಗ್ತಿದ್ರೆ ಹಂತ 1ಕ್ಕೆ ವಾಪಸ್ ಹೋಗಿ ವಾಲ್ವ್ ಬಿಚ್ಚಿ ನೋಡಿ.

ತಿಳಿ ಕೆಂಪು ಅಥವಾ ಕಂದು ಬಣ್ಣ ಹೆಚ್ಚಾಗಿ ತೊಟ್ಟು ಒಡೆದು ಬಂದ ರಕ್ತದ್ದು, ಎರಡು ಮೂರು ದಿನದಲ್ಲಿ ಹೋಗ್ಲಿಲ್ಲ ಅಂದ್ರೆ ಡಾಕ್ಟರಿಗೆ ತೋರಿಸಿ. ಆದ್ರೆ ಹಾಲು, ಪಂಪು ಅಥವಾ ಮಗುವಿನ ಬಟ್ಟೆ ಮೇಲೆ ಎದ್ದು ಕಾಣೋ ಗುಲಾಬಿ ಬಣ್ಣ ಬಂದ್ರೆ ಸೆರೇಶಿಯಾ ಅನ್ನೋ ಬ್ಯಾಕ್ಟೀರಿಯಾ ಇರ್ಬಹುದು, ಆ ಹಾಲು ಕೊಡ್ಬೇಡಿ, ಅವತ್ತೇ ಡಾಕ್ಟರ್ ಹತ್ರ ಹೋಗಿ, ಹಾಲನ್ನೂ ಸ್ವಲ್ಪ ತಗೊಂಡು ಹೋಗಿ.

ಮಗು ಹಾಲು ಕುಡಿಯೋದೇ ಬಿಟ್ಟು ಮಂಕಾಗಿ ಮಲಗಿದ್ರೆ, ಜ್ವರ ಬಂದ್ರೆ ಅಥವಾ ಮೈ ತಣ್ಣಗಾದ್ರೆ, ವಾಂತಿ ನಿಲ್ಲದಿದ್ರೆ, ಮಲದಲ್ಲಿ ರಕ್ತ ಕಂಡ್ರೆ ಹಾಲಿನ ಲೆಕ್ಕ ಹಾಕ್ತಾ ಕೂರ್ಬೇಡಿ, ನೇರ ಆಸ್ಪತ್ರೆಗೆ ಹೋಗಿ. 2 ತಿಂಗಳೊಳಗಿನ ಮಗುವಾಗಿದ್ರೆ ರಾತ್ರಿ ಆಗಿದೆ ಬೆಳಗ್ಗೆ ನೋಡೋಣ ಅನ್ಬೇಡಿ, ಆಗ್ಲೇ ಹೊರಡಿ, ಕೊನೇ ಸಲ ಯಾವ ಹಾಲು ಯಾವ ಹೊತ್ತಿಗೆ ಕುಡಿಸಿದ್ರಿ ಅನ್ನೋದನ್ನ ಡಬ್ಬಿ ಲೇಬಲ್ ನೋಡಿ ಡಾಕ್ಟರಿಗೆ ಹೇಳಿ.